‘ನೀವು ಮೊದಲಿನ ಅತ್ತಿಗೆ ಅಲ್ಲ’ ಅಂದ್ಬಿಟ್ಲು ನಾದಿನಿ

ಪ್ರಶ್ನೆ: ನನಗೆ 44 ವರ್ಷ, ತಿಪಟೂರು. ಪಿಯುಸಿ ಮುಗಿದಿದ್ದೇ ಮದುವೆ ಆಯ್ತು, ಓದು ಅಲ್ಲಿಗೇ ನಿಂತೋಯ್ತು. ಈಗ ಮುಕ್ತ ವಿವಿಯಲ್ಲಿ ಬಿಎ ಮಾಡ್ತಿದೀನಿ. ಅತ್ತೆ ತೀರಿಕೊಂಡ ಮೇಲೆ ಹಬ್ಬ-ಹುಣ್ಣಿಮೆ ಎಲ್ಲಾ ನನ್ನ ತಲೆ ಮೇಲೇನೇ. ಮೊದ್ಲು ಯಾರು ಏನ್ ಹೇಳಿದ್ರೂ ಹೂಂ ಅಂತಿದ್ದೆ. ಈ ಯುಗಾದಿಗೆ ಅಸೈನ್‌ಮೆಂಟ್ ಬರಿಯೋದಿದೆ, ಹೋಳಿಗೆ ಅಂಗಡಿಯಿಂದ ತರ್ಸೋಣ ಅಂದಿದ್ದಕ್ಕೆ ನಾದಿನಿ ಹೀಗಂದ್ಲು. ಯಜಮಾನ್ರು ಪಕ್ಕದಲ್ಲೇ ಇದ್ರೂ ಸುಮ್ನಿದ್ರು. ಈ ಡಿಗ್ರಿಗೆ ಮಾನ್ಯತೆನೇ ಇಲ್ಲ ಅಂತ ಮೈದುನ ಬೇರೆ. ನಾನು ಸ್ವಾರ್ಥಿ ಆಗ್ತಿದೀನಾ?

ಉತ್ತರ: ಇಲ್ಲ ಅಕ್ಕಾ. ಆದ್ರೆ ನಾದಿನಿ ಹೇಳಿದ್ದು ನಿಜ, ನೀವು ಮೊದಲಿನ ಅತ್ತಿಗೆ ಅಲ್ಲ, ಅದನ್ನ ಒಪ್ಕೊಂಡ್ಬಿಡಿ. ‘ಹೌದಮ್ಮ, ಬದಲಾಗಿದೀನಿ’ ಅಂದ್ರೆ ಆಯ್ತು, ವಾದ ಮಾಡೋಕೆ ಹೋದ್ರೆ ನಾನು ಹಳೇ ಥರಾನೇ ಇದೀನಿ ಅಂತ ತೋರ್ಸೋಕೆ ಮತ್ತೆ ಬೇಳೆ ಬೇಯಿಸ್ಕೊಂಡು ಕೂರ್ತೀರಿ.

ಹೂಂ ಅಂತಿದ್ದ ಆ ಹಳೇ ನೀವು ಇದೀರಲ್ಲ, ಆಕೇನ ದಡ್ಡಿ ಅಂತ ಬೈಕೋಬೇಡಿ, ಹೊಸ ಸೊಸೆಯಾಗಿ ಬಂದ ಹುಡುಗಿಗೆ ಆ ಮನೇಲಿ ಬಾಳೋಕೆ ಅದೊಂದೇ ದಾರಿ ಇತ್ತೇನೋ. ಮದುವೆ ಬ್ಲೌಸಿಗೆ ಟೈಲರ್ ಒಳಗಡೆ ಸ್ವಲ್ಪ ಬಟ್ಟೆ ಬಿಟ್ಟಿರ್ತಾರೆ ನೋಡಿ, ಒಂದೊಂದೇ ಹೊಲಿಗೆ ಬಿಚ್ಕೊಂಡು ವರ್ಷಗಟ್ಲೆ ಹಾಕ್ಕೋತೀವಿ, ಒಂದಿನ ಬಿಚ್ಚೋಕೆ ಹೊಲಿಗೇನೇ ಉಳಿದಿರಲ್ಲ. ನಿಮಗೆ ಆಗಿರೋದೂ ಅಷ್ಟೇ. ಅದರಲ್ಲಿ ಬ್ಲೌಸಿಂದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ.

ಈಗ ನಾದಿನಿ ವಿಷ್ಯ. ಹಬ್ಬದ ದಿನ ಹೂರಣ ರುಬ್ಬಿ, ಕಣಕ ನಾದಿ, ಹೆಂಚಿನ ಮುಂದೆ ನಿಂತು ಎಲ್ಲರ ಎಲೆಗೂ ಬಿಸಿ ಬಿಸಿ ಹಾಕಿದವಳು ತಾನು ಊಟಕ್ಕೆ ಕೂರೋ ಹೊತ್ತಿಗೆ ಹಸಿವೇ ಸತ್ತೋಗಿರತ್ತೆ, ಅದು ಎಲೆ ಮುಂದೆ ಕೂತವ್ರಿಗೆ ಕಾಣ್ಸಲ್ಲ. ಆದ್ರೂ ನಾದಿನಿ ಮಾತಲ್ಲಿ ಬರೀ ಹೋಳಿಗೆ ಇಲ್ಲ ಅನ್ಸತ್ತೆ ನನಗೆ. ಅಮ್ಮ ಹೋದ್ಮೇಲೆ ಅವಳಿಗೆ ತವರು ಅಂತ ಉಳಿದಿರೋದು ನಿಮ್ಮ ಅಡುಗೆಮನೆ ಒಂದೇ, ಅದೂ ಕೈತಪ್ಪಿ ಹೋಗ್ತಿದೆಯೇನೋ ಅನ್ನೋ ಭಯ ಇರ್ಬಹುದು. ಒಂದ್ಸಲ ಫೋನ್ ಮಾಡಿ, ಹಬ್ಬದ ಹಿಂದಿನ ದಿನಾನೇ ಬಾ, ಇಬ್ರೂ ಸೇರಿ ಮಾಡೋಣ ಅನ್ನಿ. ಬಂದ್ಲು ಅಂದ್ರೆ ಅವಳಿಗೆ ಬೇಕಿದ್ದಿದ್ದು ನೀವು. ಬರಲ್ಲ, ಮಾಡಿಡಿ ಅಂದ್ರೆ ಅವಳಿಗೆ ಬೇಕಿರೋದು ನಿಮ್ಮ ಕೆಲಸ ಅಷ್ಟೇ, ಆಗ ಅಂಗಡಿ ಹೋಳಿಗೇನೇ ತರ್ಸಿ, ಮನಸ್ಸಿಗೆ ಹಚ್ಕೋಬೇಡಿ.

ಮೈದುನ ಹೇಳಿದ್ದು ಹಳೇ ಕಥೆ. ಕರ್ನಾಟಕ ರಾಜ್ಯ ಮುಕ್ತ ವಿವಿಗೆ ಮಧ್ಯೆ ಕೆಲವು ವರ್ಷ ಯುಜಿಸಿ (ವಿವಿಗಳಿಗೆ ಮಾನ್ಯತೆ ಕೊಡೋ ಕೇಂದ್ರದ ಸಂಸ್ಥೆ) ಮಾನ್ಯತೆ ಇರ್ಲಿಲ್ಲ, ಎಷ್ಟೋ ಜನ ಓದಿದವ್ರು ಒದ್ದಾಡಿದ್ದೂ ನಿಜ, ಆದ್ರೆ 2018ರಲ್ಲಿ ಅದು ವಾಪಸ್ ಬಂತು. ಮಾನ್ಯತೆ ಇರೋ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿನೇ ಹೇಳಿದೆ. ನೀವು ಸೇರಿದ ವರ್ಷದ ಪಟ್ಟಿ ಯುಜಿಸಿ ವೆಬ್‌ಸೈಟಲ್ಲಿ ಸಿಗತ್ತೆ, ಪ್ರಿಂಟ್ ತೆಗೆದು ಅವರ ಕೈಗೇ ಕೊಡಿ.

ನನಗೆ ನಿಜವಾಗ್ಲೂ ಚುಚ್ಚಿದ್ದು ನಾದಿನಿ ಮಾತಲ್ಲ, ನಿಮ್ಮ ಯಜಮಾನ್ರ ಮೌನ. ಅವರ ತಂಗಿಗೆ ಉತ್ತರ ಹೇಳ್ಬೇಕಾದವ್ರು ಅವ್ರು ತಾನೇ? ಎಲ್ಲರ ಎದುರಿಗೆ ಕೇಳ್ಬೇಡಿ, ರಾತ್ರಿ ಊಟ ಆಗಿ ಮಕ್ಕಳು ಮಲಗಿದ್ಮೇಲೆ ನಿಧಾನಕ್ಕೆ ಕೂರ್ಸಿ ಕೇಳಿ, ನಾನು ಓದೋದು ನಿಮಗೆ ಇಷ್ಟಾನಾ ಇಲ್ವಾ ಅಂತ. ಎಷ್ಟೋ ಗಂಡಸ್ರಿಗೆ ಹೆಂಡತಿ ಬದಲಾದ್ರೆ ತನ್ನ ಜಾಗ ಎಲ್ಲಿ ಅಂತ ಗೊತ್ತಾಗದೆ ಮಾತು ನಿಂತೋಗತ್ತೆ, ಅವರಿಗೂ ಸ್ವಲ್ಪ ಟೈಮ್ ಬೇಕು, ಅದನ್ನ ಕೊಡಿ, ಆದ್ರೆ ಓದು ಮಾತ್ರ ನಿಲ್ಲಿಸ್ಬೇಡಿ. ಪರೀಕ್ಷೆ ಸಮಯದಲ್ಲಿ ಅಡುಗೆ ಯಾರ್ದು, ಹಬ್ಬದಲ್ಲಿ ಯಾರು ಏನ್ ಮಾಡ್ಬೇಕು ಅನ್ನೋದನ್ನೂ ಅವತ್ತೇ ಮಾತಾಡಿ ಮುಗಿಸ್ಕೊಳ್ಳಿ. ಗೌರಿ ಹಬ್ಬಕ್ಕೆ ಮುಂಚೆ ಇದಾಗ್ಲಿ. ಅವ್ರು ಏನಂದ್ರು ಅಂತ ಬರೀರಿ, ಕಾಯ್ತಿರ್ತೀನಿ.