ತಂಗಿಯ ಮದುವೆ ಮೂರು ದಿನ, ನನ್ನ ಮಡಿಲಲ್ಲಿ ಹಸುಗೂಸು

ಪ್ರಶ್ನೆ: ನನ್ನ ಚಿಕ್ಕಮ್ಮನ ಮಗಳ ಮದುವೆಗೆ ಇನ್ನು ಆರು ವಾರ ಇದೆ. ಮೂರು ದಿನದ ಕಾರ್ಯಕ್ರಮ, ಎಲ್ಲರೂ ಒಂದೇ ಕಡೆ ಉಳಿದುಕೊಳ್ಳಬೇಕು. ಅವಳು ನನ್ನನ್ನು ಬ್ರೈಡ್ಸ್‌ಮೇಡ್ (ಮದುವೆಯಲ್ಲಿ ಮದುಮಗಳ ಪಕ್ಕ ನಿಲ್ಲುವ ಗೆಳತಿ) ಆಗು ಅಂತ ಕೇಳಿದಾಗ ನಾನು ಗರ್ಭಿಣಿ. ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಈಗ ಮಗುವಿಗೆ ಎರಡೂವರೆ ತಿಂಗಳು. ಸಿಸೇರಿಯನ್ ಆಗಿದೆ, ಬರೀ ಎದೆಹಾಲು ಕುಡಿಸುತ್ತಿದ್ದೇನೆ. ತಂಗಿ ಗುಂಪಾಗಿ ಡ್ಯಾನ್ಸ್ ಮಾಡಬೇಕು, ರಾತ್ರಿ ಗೆಳತಿಯರೆಲ್ಲ ಒಂದೇ ರೂಮಿನಲ್ಲಿ ಮಲಗಬೇಕು ಅನ್ನುತ್ತಾಳೆ. 'ಮಗುನ ನಿಮ್ಮ ಅತ್ತೆ ಹತ್ರ ಬಿಟ್ಟು ಬಾ ಅಕ್ಕ, ಮೂರೇ ದಿನ ತಾನೇ' ಅಂದಳು. ನನ್ನ ಮದುವೆಯಲ್ಲಿ ಅವಳು ಒಂದು ಕ್ಷಣವೂ ನನ್ನ ಪಕ್ಕದಿಂದ ಕದಲಿರಲಿಲ್ಲ. ಆ ಋಣ ಇದೆ. ಆದರೆ ಹೊಸ ಡ್ರೆಸ್ಸಿಗೆ ಅಳತೆ ಕೊಡಲು ಕನ್ನಡಿ ಮುಂದೆ ನಿಂತರೆ ಅಳು ಬರುತ್ತದೆ. ಬೇಡ ಅಂದರೆ ಸಂಬಂಧ ಹಾಳಾಗುತ್ತದಾ?

ಉತ್ತರ: ಮದುವೆಗೆ ಹೋಗಿ. ಮಗುವನ್ನು ಕರೆದುಕೊಂಡೇ ಹೋಗಿ. ಡ್ಯಾನ್ಸ್ ಮತ್ತು ರಾತ್ರಿಯ ರೂಮು, ಈ ಎರಡಕ್ಕೂ ಈಗಲೇ ಆಗಲ್ಲ ಅಂತ ಹೇಳಿ. ಪತ್ರವನ್ನು ಎರಡು ಸಲ ಓದಿದ ಮೇಲೂ ನನಗೆ ಸರಿ ಅನಿಸುತ್ತಿರುವುದು ಇದೇ.

'ಮೂರೇ ದಿನ ತಾನೇ' ಅಂತ ನಿಮ್ಮ ತಂಗಿ ಹೇಳಿದ್ದು ಕಲ್ಲುಮನಸ್ಸಿನಿಂದ ಅಲ್ಲ, ಗೊತ್ತಿಲ್ಲದೆ. ಮಕ್ಕಳಾಗುವ ಮುಂಚೆ ನನಗೂ ಗೊತ್ತಿರಲಿಲ್ಲ. ಮದುವೆಯ ಹೊತ್ತಿಗೆ ನಿಮ್ಮ ಮಗುವಿಗೆ ನಾಲ್ಕು ತಿಂಗಳು. ಆ ವಯಸ್ಸಿನ ಮಗು ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಅಳುತ್ತದೆ, ರಾತ್ರಿಯೂ ಏಳುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ, ನೀರು ಕೂಡ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇನ್ನು ನಿಮ್ಮ ಮೈಗೆ ಏನಾಗುತ್ತದೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೆರಡು ಸಲ ಕುಡಿಸುವುದು ತಪ್ಪಿದರೆ ಸಾಕು, ಹಾಲು ಕಟ್ಟಿಕೊಂಡು ಎದೆ ಕಲ್ಲಾಗುತ್ತದೆ. ಬಟ್ಟೆಯೆಲ್ಲ ಒದ್ದೆ, ಕೆಲವರಿಗೆ ಜ್ವರವೂ ಬರುತ್ತದೆ. ಮೂರು ದಿನ ಅಂದರೆ ಸುಮಾರು ಇಪ್ಪತ್ತೈದು ಸಲ ಹಾಲು ಕುಡಿಸುವ ಹೊತ್ತು. ತಂಗಿಗೆ ಈ ಲೆಕ್ಕವನ್ನೇ ಹೇಳಿ. 'ನನಗೆ ಕಷ್ಟ ಆಗುತ್ತೆ' ಅಂದರೆ ಅವಳಿಗೆ ಅದು ನೆಪದ ಹಾಗೆ ಕೇಳಿಸಬಹುದು. ಲೆಕ್ಕ ಕೇಳಿದರೆ ಅರ್ಥವಾಗುತ್ತದೆ.

ಈಗ ಋಣದ ಮಾತು. ನಿಮ್ಮ ಮದುವೆಯಲ್ಲಿ ತಂಗಿ ಪಕ್ಕದಲ್ಲೇ ಇದ್ದಳಲ್ಲ, ಅದರಲ್ಲಿ ನಿಮಗೆ ಇವತ್ತಿಗೂ ನೆನಪಿರುವುದು ಯಾವುದು? ಅವಳ ಡ್ಯಾನ್ಸ್ ಇರಲಾರದು. ಬೆಳಿಗ್ಗೆ ನೀವು ತಯಾರಾಗುವಾಗ ಯಾರನ್ನೂ ಒಳಗೆ ಬಿಡದೆ ಬಾಗಿಲಲ್ಲಿ ನಿಂತಿದ್ದು ಇರಬಹುದು. ಕೈ ನಡುಗುತ್ತಿದ್ದಾಗ ಹಿಡಿದುಕೊಂಡಿದ್ದು ಇರಬಹುದು. ಮದುಮಗಳಿಗೆ ತನ್ನವರು ಅಂತ ನಿಜವಾಗಿ ಬೇಕಾಗುವ ಹೊತ್ತು ಮೂರು ದಿನದಲ್ಲಿ ನಾಲ್ಕೈದು ಗಂಟೆ ಅಷ್ಟೇ. ತಯಾರಾಗುವ ಬೆಳಗು, ಮುಖ್ಯ ಶಾಸ್ತ್ರ ನಡೆಯುವ ಹೊತ್ತು, ಮನೆಯವರ ಫೋಟೋ, ಆಮೇಲೆ ಹೊರಡುವ ಗಳಿಗೆ. ಆ ಗಂಟೆಗಳನ್ನು ನೀವು ಪೂರ್ತಿ ಮನಸ್ಸಿನಿಂದ ಅವಳಿಗೆ ಕೊಡಬಹುದು. ಉಳಿದಿದ್ದನ್ನು ಬಿಡುವುದಕ್ಕೆ ಸಂಕೋಚ ಬೇಡ.

ಹಾಗಾಗಿ ಫೋನ್ ಮಾಡಿ. ದಯವಿಟ್ಟು ಚಿಕ್ಕಮ್ಮನ ಕೈಲಿ ಹೇಳಿಸಬೇಡಿ. ಹಾಗೆ ಹೋದ ಮಾತು ಮೂರು ಬಾಯಿ ದಾಟುವಷ್ಟರಲ್ಲಿ 'ಅವಳಿಗೆ ಬರೋಕೆ ಇಷ್ಟ ಇಲ್ವಂತೆ' ಆಗಿಬಿಡುತ್ತದೆ. ಗುಂಪಿನ ವಾಟ್ಸಾಪ್‌ನಲ್ಲೂ ಬೇಡ. ಅವಳೊಬ್ಬಳೇ ಇರುವಾಗ ನೀವೇ ಹೀಗೆ ಹೇಳಿ ನೋಡಿ: 'ಪುಟ್ಟಿ, ನಿನ್ನ ಮದುವೇಲಿ ನಿನ್ನ ಪಕ್ಕ ನಿಲ್ಲಬೇಕು ಅಂತ ನನಗೂ ಆಸೆ. ನೀನು ರೆಡಿ ಆಗೋವಾಗ ಪೂರ್ತಿ ನಿನ್ನ ಜೊತೆಗಿರ್ತೀನಿ, ಶಾಸ್ತ್ರದ ಹೊತ್ತಿಗೂ ಇರ್ತೀನಿ. ಡ್ಯಾನ್ಸ್ ಮಾತ್ರ ಆಗಲ್ಲ, ರಾತ್ರಿ ಮಗು ಜೊತೆ ಬೇರೆ ರೂಮಲ್ಲಿ ಮಲಗ್ತೀನಿ. ಬಿಟ್ಟು ಬಂದ್ರೆ ನನ್ನ ಮನಸ್ಸೆಲ್ಲ ಅಲ್ಲೇ ಇರುತ್ತೆ. ನಿನಗೆ ಇದು ಸರಿ ಅನಿಸದಿದ್ರೆ ಬ್ರೈಡ್ಸ್‌ಮೇಡ್ ಜಾಗ ಬೇರೆಯವರಿಗೆ ಕೊಡು, ನಾನು ಬೇಜಾರು ಮಾಡ್ಕೊಳ್ಳಲ್ಲ.'

ಆ ಕೊನೆಯ ವಾಕ್ಯವನ್ನು ಬಿಡಬೇಡಿ. ತನ್ನ ಮದುವೆ ಹೇಗಿರಬೇಕು ಅಂತ ಅವಳಿಗೂ ಒಂದು ಕನಸಿರುತ್ತದೆ. ಆರು ಜನ ಒಂದೇ ಹೆಜ್ಜೆ ಹಾಕಬೇಕು ಅನ್ನುವುದು ನಿಮಗೆ ಸಣ್ಣದು, ಅವಳಿಗೆ ಅಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಾಗಬಹುದು, ಮುಖ ಊದಿಸಿಕೊಳ್ಳಬಹುದು. ಸುಮ್ಮನಾದಳು ಅಂತ ಗಾಬರಿಯಾಗಿ 'ಸರಿ ಬಿಡು, ಹೇಗೋ ಮಾಡ್ತೀನಿ' ಅನ್ನಬೇಡಿ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ, ಬೇರೆ ವಿಷಯ ಮಾತಾಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹತ್ತಿರದವರೊಬ್ಬರ ಮದುವೆಗೆ ನಾನೂ ಹೀಗೇ ಹೂಂ ಅಂದಿದ್ದೆ. ಆಗಲ್ಲ ಅಂತ ಒಳಗೆ ಗೊತ್ತಿದ್ದರೂ 'ನೋಡೋಣ, ನೋಡೋಣ' ಅಂತ ತಳ್ಳಿಕೊಂಡು ಬಂದೆ. ಮದುವೆಗೆ ಒಂದು ವಾರ ಇರುವಾಗ ಇಲ್ಲ ಅಂದೆ. ಅಷ್ಟರಲ್ಲಿ ನನ್ನ ಅಳತೆಯ ಬಟ್ಟೆ ಹೊಲಿದಾಗಿತ್ತು, ರೂಮು ಹಂಚಿಯಾಗಿತ್ತು, ಸ್ಟೇಜಿನ ಮೇಲೆ ನನಗೆ ಅಂತ ಇಟ್ಟ ಜಾಗ ಖಾಲಿ ಉಳಿಯಿತು. ಇಲ್ಲ ಅಂದಿದ್ದಕ್ಕೆ ಅವರು ನೊಂದುಕೊಳ್ಳಲಿಲ್ಲ. ತಡವಾಗಿ ಅಂದಿದ್ದಕ್ಕೆ ನೊಂದುಕೊಂಡರು. ಅದು ಸರಿಹೋಗಲು ವರ್ಷಗಳೇ ಬೇಕಾದವು. ನಿಮಗಿನ್ನೂ ಆರು ವಾರ ಇದೆ, ಬಟ್ಟೆ ಇನ್ನೂ ಕತ್ತರಿಸಿಲ್ಲ. ಈ ವಾರವೇ ಹೇಳಿ.

ಅವಳು ಒಪ್ಪಿದಳು ಅಂದುಕೊಳ್ಳೋಣ. ಮೊದಲು ಟೈಲರ್ ಹತ್ತಿರ ಮಾತಾಡಿ. ಹಾಲು ಕುಡಿಸುವ ತಿಂಗಳುಗಳಲ್ಲಿ ಎದೆಯ ಅಳತೆ ಬೆಳಿಗ್ಗೆಗೂ ಸಂಜೆಗೂ ಬೇರೆ ಇರುತ್ತದೆ. ಅಳತೆಯನ್ನು ಆದಷ್ಟು ತಡವಾಗಿ ಕೊಡಿ. ಒಳಗಡೆ ಜಾಸ್ತಿ ಬಟ್ಟೆ ಬಿಡಲು ಹೇಳಿ, ಆಮೇಲೆ ಹೊಲಿಗೆ ಬಿಚ್ಚಿ ಅಗಲ ಮಾಡಿಸಬಹುದು. ಮುಂದುಗಡೆ ಜಿಪ್ಪೋ ಗುಂಡಿಯೋ ಬೇಕೇ ಬೇಕು. ಹಿಂದೆ ಜಿಪ್ ಇಟ್ಟ ಉದ್ದನೆ ಡ್ರೆಸ್ ಹಾಕಿಕೊಂಡು ಅಳುವ ಮಗುವಿಗೆ ಹಾಲು ಕೊಡಲು ಹೋದರೆ ಪೂರ್ತಿ ಬಿಚ್ಚಬೇಕಾಗುತ್ತದೆ. ಬಣ್ಣ ಎಲ್ಲರದೂ ಒಂದೇ ಇರಲಿ, ಮಾದರಿ ನಿಮ್ಮದು ಬೇರೆ ಇದ್ದರೆ ಫೋಟೋದಲ್ಲಿ ಏನೂ ಕೆಡುವುದಿಲ್ಲ.

ನಿಮ್ಮ ರೂಮು ಕಾರ್ಯಕ್ರಮದ ಜಾಗಕ್ಕೆ ಹತ್ತಿರ ಇರಲಿ, ಸ್ಪೀಕರ್‌ಗಳಿಂದ ದೂರ ಇರಲಿ. ಜೋರು ಸದ್ದು ಎಳೆಯ ಕಿವಿಗೆ ಒಳ್ಳೆಯದಲ್ಲ, ಹತ್ತಿ ಇಟ್ಟರೆ ಸಾಲದು. ಮಕ್ಕಳ ಕಿವಿ ಮುಚ್ಚುವ ಇಯರ್‌ಮಫ್ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಸಂಗೀತ ಶುರುವಾದಾಗ ಮಗು ರೂಮಿನಲ್ಲಿರುವುದು. ಶೀತ, ಕೆಮ್ಮು ಇರುವವರು ಮಗುವನ್ನು ಎತ್ತಿಕೊಂಡು ಮುದ್ದಿಸುವುದು ಬೇಡ. ಇದನ್ನು ನೆಂಟರಿಗೆ ಹೇಳುವ ಕೆಲಸ ನಿಮ್ಮ ಯಜಮಾನರದು.

ಹೌದು, ಅವರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ತಂಗಿ 'ಅತ್ತೆ ಹತ್ರ ಬಿಡು' ಅಂದಳು, ನಿಮಗೆ ಬಿಡಲು ಆಗಲ್ಲ, ಮಗುವಿನ ಅಪ್ಪ ಎಲ್ಲಿ? ಆ ನಾಲ್ಕೈದು ಗಂಟೆ ಮಗು ಅವರ ಕೈಯಲ್ಲಿರಬೇಕು. 'ಸ್ವಲ್ಪ ನೋಡ್ಕೊಳ್ಳಿ' ಅಂದರೆ ಸಾಲದು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಅಂತ ಹೇಳಿ. ಹಿಂಡಿಟ್ಟ ಹಾಲನ್ನು ಬಾಟಲಿಯಲ್ಲಿ ಕುಡಿಸುವುದನ್ನು ಈಗಿನಿಂದಲೇ ಅಭ್ಯಾಸ ಮಾಡಲಿ. ಎಷ್ಟೋ ಮಕ್ಕಳು ಮೊದಲ ಸಲ ಬಾಟಲಿ ಕಂಡರೆ ಮುಖ ತಿರುಗಿಸುತ್ತವೆ, ಅಮ್ಮ ಎದುರಿಗಿದ್ದರಂತೂ ಮುಗಿದೇ ಹೋಯಿತು. ಆಗ ನೀವು ಪಕ್ಕದ ಕೋಣೆಗೆ ಹೋಗಿಬಿಡಿ. ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಚೆನ್ನಾಗಿರುತ್ತದೆ. ಸೆಕೆ ಜಾಸ್ತಿ ಇದ್ದರೆ ಹೊರಗೆ ಇಡಲೇಬೇಡಿ. ರೂಮಿನಲ್ಲಿ ಫ್ರಿಜ್ ಇದೆಯಾ ಅಂತ ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಐಸ್ ಪ್ಯಾಕ್ ಇರುವ ಚೀಲ ತೆಗೆದುಕೊಂಡು ಹೋಗಿ. ಮಗು ಬಾಟಲಿಯಲ್ಲಿ ಕುಡಿದರೂ ಆ ಹೊತ್ತಿಗೆ ನೀವು ಹಾಲು ಹಿಂಡಲೇಬೇಕು. ಎದೆ ಒಂದು ಕಡೆ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಮದುವೆ ಮುಗಿಯಲಿ ಅಂತ ಕಾಯಬೇಡಿ. ಡಾಕ್ಟರಿಗೆ ತೋರಿಸಿ.

ಡ್ಯಾನ್ಸ್ ಬಗ್ಗೆ ತಂಗಿ ಮತ್ತೆ ಮತ್ತೆ ಕೇಳಿದರೆ, ಸಿಸೇರಿಯನ್ ಆದ ನಾಲ್ಕು ತಿಂಗಳಿಗೆ ಕುಣಿಯಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಅವರು ಕುಣಿಯಬಹುದು ಅಂದರೂ, ನಿಮಗೆ ಮನಸ್ಸಿಲ್ಲ ಅನ್ನುವುದೂ ಒಂದು ಕಾರಣವೇ.

ಕೊನೆಗೆ ಆ ಕನ್ನಡಿಯ ಮಾತು. ಅದನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಮದುವೆಗಿಂತ ಅದೇ ಜಾಸ್ತಿ ಕಾಡುತ್ತಿದೆ. ಹೆರಿಗೆಯಾದ ಮೊದಲೆರಡು ವಾರ ಕಾರಣವಿಲ್ಲದೆ ಅಳು ಬರುವುದು ತುಂಬಾ ಜನರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ನಿಮಗೆ ಎರಡೂವರೆ ತಿಂಗಳಾಯಿತು. ಬರೀ ಡ್ರೆಸ್ ಹಾಕಿದಾಗ ಅಳು ಬರುವುದು ಬೇರೆ. ದಿನಾ ಬರುತ್ತಿದೆಯಾ? ಮಗು ಮಲಗಿದಾಗಲೂ ನಿದ್ದೆ ಹತ್ತುವುದಿಲ್ಲವಾ? ಯಾವುದರಲ್ಲೂ ಖುಷಿ ಇಲ್ಲ, ನಾನು ಒಳ್ಳೆಯ ತಾಯಿಯಲ್ಲ ಅಂತ ಅನಿಸುತ್ತಿದೆಯಾ? ಇದರಲ್ಲಿ ಯಾವುದಕ್ಕಾದರೂ ಹೌದು ಅನ್ನುವುದಾದರೆ ಹೆರಿಗೆ ಮಾಡಿಸಿದ ಡಾಕ್ಟರಿಗೆ ಹಾಗೆಯೇ ಹೇಳಿ. ಹೆರಿಗೆ ನಂತರದ ಖಿನ್ನತೆ ಎಷ್ಟೋ ತಾಯಂದಿರಿಗೆ ಬರುತ್ತದೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ, ಎದೆಹಾಲು ನಿಲ್ಲಿಸದೆ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ನಿಮ್ಮನ್ನೇ ನೋಯಿಸಿಕೊಳ್ಳುವ ಅಥವಾ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಒಂದು ಸಲ ಬಂದರೂ ಅದೇ ದಿನ ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಫೋನ್ ಮಾಡುವಾಗ ತಂಗಿಗೂ ಇದನ್ನು ಹೇಳಬಹುದು. 'ಅಳತೆ ಕೊಡೋಕೆ ಹೋದ್ರೆ ಅಳು ಬರುತ್ತೆ ಕಣೇ' ಅನ್ನಿ. ನಿಮ್ಮ ಮದುವೆಯ ದಿನ ಪಕ್ಕದಿಂದ ಕದಲದವಳು ಅವಳು. ಟೈಲರ್ ಹತ್ತಿರ ನಿಮ್ಮ ಜೊತೆ ಅವಳೇ ಬಂದಾಳು.