ಪ್ರತಿಕ್ರಿಯೆ: ಕನ್ನಡ ಕಾಮೆಂಟೆಲ್ಲ 'ನ್ಯೂಟ್ರಲ್' ಅಂತ ಯಾಕೆ ಬರುತ್ತಿದೆ?

ತಪ್ಪು ನಿಮ್ಮ ಕೋಡ್‌ನಲ್ಲಿ ಇರಲಿಕ್ಕಿಲ್ಲ. ಪ್ರಬಂಧಕ್ಕೆ ಕೂಡಿಸಿದ ಯೂಟ್ಯೂಬ್ ಕಾಮೆಂಟುಗಳನ್ನು ವೇಡರ್‌ಗೆ (ಪದಗಳಿಗೆ ಅಂಕ ಕೊಟ್ಟು ಬರಹದ ಭಾವ ಅಳೆಯುವ ಪ್ರೋಗ್ರಾಂ) ಹಾಕಿದ್ದೀರಿ, ಅದರ ಪದಪಟ್ಟಿ ಇಂಗ್ಲಿಷಿನದು. ಗೊತ್ತಿಲ್ಲದ ಪದಕ್ಕೆ ಸೊನ್ನೆ. ಒಟ್ಟು ಅಂಕ -0.05ರಿಂದ 0.05ರ ನಡುವೆ ನಿಂತರೆ ನ್ಯೂಟ್ರಲ್ ಅಂತ ಎಣಿಸುವುದು ರೂಢಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ "ಸೂಪರ್ ಆಗಿ ಮೋಸ ಮಾಡಿದ್ರು" ಮಾತ್ರ ಪಾಸಿಟಿವ್ ಆಗಿಬಿಡುತ್ತದೆ! ಪಾಪ, ಅದಕ್ಕೆ ಗೊತ್ತಿರುವುದು ಸೂಪರ್ ಒಂದೇ ಅಲ್ವಾ.

ಮೊದಲು ಕನ್ನಡ ಲಿಪಿಯವು, ಇಂಗ್ಲಿಷ್ ಅಕ್ಷರದವು ಅಂತ ಬೇರೆ ಮಾಡಿ. ಎರಡರಿಂದಲೂ ಚೀಟಿ ಎತ್ತಿದ ಹಾಗೆ ಒಟ್ಟು 300 ತೆಗೆಯಿರಿ. ನೀವು, ಜೊತೆಗೆ ಗೆಳೆಯರೊಬ್ಬರು, ಒಬ್ಬರದು ಇನ್ನೊಬ್ಬರು ನೋಡದೆ ಪಾಸಿಟಿವ್, ನೆಗೆಟಿವ್, ನ್ಯೂಟ್ರಲ್ ಅಂತ ಗುರುತು ಹಾಕಿ. ಬೇಜಾರಿನ ಕೆಲಸ, ಆದರೂ ಬಿಡಬೇಡಿ. ಇಬ್ಬರ ಗುರುತು ಎಷ್ಟು ಹೊಂದುತ್ತದೆ ಅಂತ ಅಳೆಯುವ ಕೊಹೆನ್ ಕಪ್ಪಾ 0.6ಕ್ಕಿಂತ ಕಡಿಮೆ ಬಂದರೆ ಗುರುತಿಸುವ ನಿಯಮವನ್ನೇ ತಿದ್ದಿ.

ಆಮೇಲೆ ವೇಡರ್ ಬದಲು ಗೂಗಲ್‌ನ ಭಾಷಾ ಮಾದರಿ ಮ್ಯೂರಿಲ್ ಬಳಸಿ. ಅದು ಇಂಗ್ಲಿಷ್ ಮತ್ತು 16 ಭಾರತೀಯ ಭಾಷೆಗಳ ಜೊತೆಗೆ ಭಾರತೀಯ ಭಾಷೆಗಳ ಇಂಗ್ಲಿಷ್ ಅಕ್ಷರದ ರೂಪವನ್ನೂ ಕಲಿತಿದೆ. ಈ 300 ಪರೀಕ್ಷೆಗೆ ಮಾತ್ರ ಇರಲಿ, ಕಲಿಸಲು ಬೇರೆ ಕಾಮೆಂಟು ಗುರುತಿಸಿ. ಟ್ರೋಲ್ ವಿಡಿಯೋಗಳವಾದರೆ ವ್ಯಂಗ್ಯದಲ್ಲಿ ಇದೂ ಎಡವಬಹುದು. ಎಷ್ಟು ಅಂತ ನಿಮ್ಮ ಡೇಟಾ ನೋಡದೆ ಹೇಳಲಾರೆ, ಆ 300ರಲ್ಲೇ ತಿಳಿಯುತ್ತದೆ.