ಬೂಷ್ಟಿನ ಎಣ್ಣೆಗೆ ಯಾವ ಹೆಡಿಂಗ್?

ಪ್ರಶ್ನೆ: ಕಂಪನಿಯೊಂದರ ಆಮದು ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಶಿಶು ಆಹಾರಕ್ಕೆ ಬೆರೆಸುವ ಡಿಎಚ್‌ಎ ಎಣ್ಣೆ ತರಿಸುತ್ತಿದ್ದೇವೆ. ಮಾರುವವರು ಇನ್‌ವಾಯ್ಸ್‌ನಲ್ಲಿ ಕಸ್ಟಮ್ಸ್ ಕೋಡ್ 1515.60 ಎಂದು ಹಾಕಿದ್ದಾರೆ. ನಮ್ಮ ಮೇಲಿನವರು ‘ಡಿಎಚ್‌ಎ ಅಂದ್ರೆ ಮೀನೆಣ್ಣೆ, 15.04 ಹಾಕಿ’ ಅನ್ನುತ್ತಾರೆ. ಪಕ್ಕದ ಮೇಜಿನವರು ಬೇರೆಲ್ಲೂ ಸೇರದ ಆಹಾರ ತಯಾರಿಕೆಗಳ ಹೆಡಿಂಗ್ (ಕೋಡಿನ ಮೊದಲ ನಾಲ್ಕು ಅಂಕಿ) 21.06 ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಯಾರ ಮಾತೂ ಬೇಡ. ಮೊದಲು ಡ್ರಮ್ಮಿನ ಚೀಟಿಯನ್ನೂ ಅನಾಲಿಸಿಸ್ ಸರ್ಟಿಫಿಕೇಟನ್ನೂ ಓದಿ. ಡಿಎಚ್‌ಎ ಎನ್ನುವುದು ಎಣ್ಣೆಯ ಹೆಸರಲ್ಲ, ಎಣ್ಣೆಯೊಳಗಿರುವ ಒಂದು ಫ್ಯಾಟಿ ಆಸಿಡ್‌ನ ಹೆಸರು. 22 ಕಾರ್ಬನ್, 6 ಡಬಲ್ ಬಾಂಡ್. ಅದು ಮೀನಿನಲ್ಲೂ ಇದೆ, ಸ್ಕಿಜೋಕೈಟ್ರಿಯಂ ಎಂಬ ಸಮುದ್ರದ ಸೂಕ್ಷ್ಮಜೀವಿಯಲ್ಲೂ ಇದೆ. ಮೀನಿನಿಂದ ತೆಗೆದದ್ದಾದರೆ 15.04. ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ಸಕ್ಕರೆ ಉಣಿಸಿ ಬೆಳೆಸಿದ ಜೀವಿಯಿಂದ ತೆಗೆದದ್ದಾದರೆ ಮೈಕ್ರೋಬಿಯಲ್ ಎಣ್ಣೆ. ನಿಮ್ಮ ಚೀಟಿಯಲ್ಲಿ ಈ ಎರಡನೆಯದೇ ಇದ್ದು, ಎಣ್ಣೆಗೆ ಬೇರೇನೂ ಮಾಡಿಲ್ಲವೆಂದರೆ ಮಾರುವವರು ಹಾಕಿದ್ದೇ ಸರಿ.

ಈ 1515.60 ಹುಟ್ಟಿದ್ದು 2022ರ ಜನವರಿ 1ಕ್ಕೆ, ಸರಕುಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಾದ ಎಚ್‌ಎಸ್‌ನ ಹೊಸ ಆವೃತ್ತಿಯ ಜೊತೆಗೆ. ಅಲ್ಲಿಯವರೆಗೆ 15ನೇ ಚಾಪ್ಟರ್‌ನ ತಲೆಬರಹದಲ್ಲಿ ಪ್ರಾಣಿಜನ್ಯ, ಸಸ್ಯಜನ್ಯ ಎಂಬ ಎರಡೇ ಜಾತಿಯ ಎಣ್ಣೆ ಇದ್ದವು. ಆ ಕಾಲದಲ್ಲಿ ನಾನು ಪಟ್ಟ ಪಾಡು ಕೇಳಿ. ಎಆರ್‌ಎ (ಅರಾಕಿಡೋನಿಕ್ ಆಸಿಡ್ ಎಂಬ ಇನ್ನೊಂದು ಫ್ಯಾಟಿ ಆಸಿಡ್) ಎಣ್ಣೆಯ ಕೆಲವು ಡ್ರಮ್ ಬಂದಿದ್ದವು. ಮಾಮೂಲಿನಂತೆ ‘ಸಸ್ಯಜನ್ಯ’ ಎಂದು ಬರೆದು 15.15ಕ್ಕೆ ಸೇರಿಸಿದೆ. ಕಾಗದ ನೋಡುತ್ತಿದ್ದ ಅಧಿಕಾರಿ ಕನ್ನಡಕ ಮೇಲಕ್ಕೆತ್ತಿ, ‘ಯಾವ ಗಿಡ?’ ಅಂದರು. ಚೀಟಿಯಲ್ಲಿ ಮಾರ್ಟಿಯೆರೆಲ್ಲಾ ಆಲ್ಪಿನಾ ಎಂದಿತ್ತು. ಅದೊಂದು ಬೂಷ್ಟು. ಬೂಷ್ಟು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ನನ್ನ ಬಾಯಿ ಕಟ್ಟಿತು. ಸ್ಯಾಂಪಲ್ ಲ್ಯಾಬಿಗೆ ಹೋಯಿತು, ಡ್ರಮ್‌ಗಳು ಗೋದಾಮಿನಲ್ಲೇ ಕೂತವು, ಬಾಡಿಗೆ ಏರುತ್ತಾ ಹೋಯಿತು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಪ್ರಶ್ನೆ ನ್ಯಾಯವಾದದ್ದೇ. ಪುಸ್ತಕದಲ್ಲೇ ಜಾಗ ಇರಲಿಲ್ಲ.

ಈಗ ಇದೆ. 15.15ರ ಮಾತೇ ‘ಇತರ ಸ್ಥಿರ ಸಸ್ಯಜನ್ಯ ಅಥವಾ ಮೈಕ್ರೋಬಿಯಲ್ ಕೊಬ್ಬು ಮತ್ತು ಎಣ್ಣೆಗಳು’ ಎಂದಾಗಿದೆ. ರಿಫೈನ್ ಮಾಡಿದ್ದರೂ ಸರಿ, ಆದರೆ ರಾಸಾಯನಿಕವಾಗಿ ಬದಲಾಗಿರಕೂಡದು. ‘ಸ್ಥಿರ’ ಅಂದರೆ ಆವಿಯಾಗಿ ಹಾರಿಹೋಗದ್ದು. ಪರಿಮಳ ಬಿಟ್ಟು ಹಾರುವ ಎಣ್ಣೆಗಳದ್ದು 33.01, ಆ ಕಡೆ ಹೋಗಬೇಡಿ. ಇದೇ ಎಣ್ಣೆಯನ್ನು ಹೈಡ್ರೋಜನೇಟ್ ಮಾಡಿಯೋ ಇಂಟರ್‌ಎಸ್ಟರಿಫೈ (ಫ್ಯಾಟಿ ಆಸಿಡ್‌ಗಳ ಜೋಡಣೆ ಬದಲಿಸಿ) ಮಾಡಿಯೋ ತಂದರೆ 1516.30.

ತಂಟೆ ಶುರುವಾಗುವುದು ಬೆರಕೆಯಲ್ಲಿ. ಎಣ್ಣೆ ಕಮಟದಿರಲಿ ಎಂದು ಚೂರು ಟೋಕೋಫೆರಾಲ್ (ವಿಟಮಿನ್ ಇ) ಹಾಕಿರುತ್ತಾರೆ, ಅಷ್ಟಕ್ಕೆ ಸಾಮಾನ್ಯವಾಗಿ ಹೆಡಿಂಗ್ ಕದಲುವುದಿಲ್ಲ. ಆದರೆ ಡಿಎಚ್‌ಎ ಪ್ರಮಾಣವನ್ನು ಒಂದು ಮಟ್ಟಕ್ಕೆ ಇಳಿಸಲು ಸೂರ್ಯಕಾಂತಿ ಎಣ್ಣೆ ಬೆರೆಸುವುದೂ ಉಂಟು. ಆಗ ಅದು ಎರಡು ಎಣ್ಣೆಗಳ ತಿನ್ನುವ ಮಿಶ್ರಣ, 15.17ರತ್ತ ವಾಲುತ್ತದೆ. ಇನ್‌ವಾಯ್ಸ್‌ನಲ್ಲಿ ಈ ಬೆರಕೆಯ ಸೊಲ್ಲೇ ಇರುವುದಿಲ್ಲ. ಸರ್ಟಿಫಿಕೇಟಿನ ಕೆಳಗೆ ಸಣ್ಣಕ್ಷರದಲ್ಲಿ ‘ಹೈ ಓಲಿಕ್ ಸನ್‌ಫ್ಲವರ್’ ಅಂತಿರುತ್ತದೆ, ಅದನ್ನು ಹುಡುಕಿ. ಇನ್ನು ಪಕ್ಕದ ಮೇಜಿನವರ 21.06 ಪೂರ್ತಿ ಸುಳ್ಳಲ್ಲ. ಎಣ್ಣೆಯನ್ನು ಪಿಷ್ಟ, ಪ್ರೋಟೀನಿನೊಳಗೆ ಹುದುಗಿಸಿ ಪುಡಿ ಮಾಡಿ ಕಳಿಸಿದರೆ ಸಾಮಾನ್ಯವಾಗಿ ಅದೇ ಹೆಡಿಂಗ್. ಬಹುಶಃ ಅವರು ಹಿಂದೆ ಪುಡಿ ತರಿಸಿರಬೇಕು. ಶಿಶು ಆಹಾರಕ್ಕೆ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಎಣ್ಣೆ 21.06 ಆಗಲಾರದು.

ಅನುಮಾನ ಉಳಿದರೆ ಸರಕು ಹಡಗು ಹತ್ತುವ ಮೊದಲೇ ಅಡ್ವಾನ್ಸ್ ರೂಲಿಂಗ್ (ಯಾವ ಕೋಡ್ ಎಂಬ ಮುಂಗಡ ಅಧಿಕೃತ ತೀರ್ಮಾನ) ಕೇಳಿ. ಜೀವಿಯ ಹೆಸರು, ತಯಾರಿಕೆಯ ಹಂತಗಳು, ಬೆರೆಸಿದ ಪ್ರತಿಯೊಂದು ಪದಾರ್ಥ, ಇಷ್ಟನ್ನೂ ಬರೆದು ಕೊಡಿ. ಮಾರುವವರು ‘ಅದು ನಮ್ಮ ಗುಟ್ಟು’ ಅಂದರೆ ಬಗ್ಗಬೇಡಿ. ಗುಟ್ಟು ಅವರದ್ದು, ದಂಡ ನಿಮ್ಮದು.

ಪ್ರಶ್ನೆ: ಮೈಕ್ರೋಬಿಯಲ್ ಎಣ್ಣೆಯ ವ್ಯಾಪಾರದ ಹತ್ತು ವರ್ಷದ ಅಂಕಿಅಂಶ ಹುಡುಕಿದೆ, 2022ಕ್ಕೆ ಹಿಂದೆ ಏನೂ ಸಿಗಲಿಲ್ಲ. ಅಷ್ಟೂ ವರ್ಷ ವ್ಯಾಪಾರವೇ ಇರಲಿಲ್ಲವೇ?

ಉತ್ತರ: ಧಾರಾಳವಾಗಿ ಇತ್ತು, ಆರು ಅಂಕಿಯ ಕೋಡಿನ ಮಟ್ಟದಲ್ಲಿ ಅದಕ್ಕೆ ತನ್ನದೇ ಸಾಲು ಇರಲಿಲ್ಲ ಅಷ್ಟೆ. ‘ಇತರೆ’ ಎಂಬ ಗೋಣಿಚೀಲಗಳೊಳಗೆ ಹೋಗಿ ಬಿದ್ದದ್ದನ್ನು ಈಗ ಬೇರ್ಪಡಿಸಲಾಗದು. 2022ರ ನಂತರದ್ದನ್ನೂ ಎಚ್ಚರದಿಂದ ಓದಿ. ಎಲ್ಲ ದೇಶಗಳೂ ಹೊಸ ಆವೃತ್ತಿಗೆ ಒಂದೇ ದಿನ ಬದಲಾಗಲಿಲ್ಲ. ಕಳಿಸಿದ ದೇಶದ ಲೆಕ್ಕದಲ್ಲಿ 1515.60 ಇದ್ದು, ತರಿಸಿಕೊಂಡ ದೇಶದ ಲೆಕ್ಕದಲ್ಲಿ ಹಳೆಯ ಕೋಡೇ ಇರಬಹುದು.

ಪ್ರಶ್ನೆ: ಇದೇ ಎಣ್ಣೆಯಿಂದ ಮಾಡಿದ ಬಯೋಡೀಸೆಲ್‌ಗೂ 15ನೇ ಚಾಪ್ಟರೇ?

ಉತ್ತರ: ಅಲ್ಲ, 38.26. ಬಯೋಡೀಸೆಲ್‌ನ ವ್ಯಾಖ್ಯೆ 38ನೇ ಚಾಪ್ಟರ್‌ನ 7ನೇ ಟಿಪ್ಪಣಿಯಲ್ಲಿದೆ. ‘ಮೈಕ್ರೋಬಿಯಲ್’ ಎಂಬ ಪದವನ್ನು 2022ರಲ್ಲಿ ಅಲ್ಲಿಗೂ ಸೇರಿಸಿದರು.